ಶಾಸನವೂ ಅದರ ಫಲವೂ

ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ದಾರಿಯಲ್ಲಿ ಕೋಣನಕುಂಟೆಯೆಂಬ ಊರಿದೆ. ಕುಂಟೆಯೆಂದರೆ ಸಣ್ಣ ಕೆರೆ; ದನಕರುಗಳು ನೀರಿಗಿಳಿಯುತ್ತಿದ್ದ ಹಳ್ಳಿಯ ನೆನಪನ್ನು ಹೆಸರೇ ಉಳಿಸಿಕೊಂಡಿದೆ. ಉತ್ತರಹಳ್ಳಿ ಹೋಬಳಿಯ ಈ ಗ್ರಾಮವು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾದ ಮೇಲೆ ನಗರದೊಳಗೆ ಸೇರಿತು. 2021ರಲ್ಲಿ ಅದರ ಅಡ್ಡರಸ್ತೆಗೆ ಮೆಟ್ರೋ ರೈಲೂ ಬಂದಿತು. ಆದರೆ ಜಯನಗರದ ನೇರವಾದ ಬೀದಿಗಳನ್ನು ಕಂಡವರು ಈ ಕಡೆಯ ಹಳ್ಳಿಗಳ ಒಳದಾರಿಗಳಲ್ಲಿ ನಡೆದರೆ ವ್ಯತ್ಯಾಸವನ್ನು ಕಾಣದಿರಲಾರರು. ಹಲವು ಬೀದಿಗಳು ಹೊಲದ ಬದುವಿನಂತೆಯೇ ಬಾಗುತ್ತವೆ. ಇದಕ್ಕೆ ಕಾರಣವನ್ನು ಜನರ ಲೋಭದಲ್ಲಿ ಹುಡುಕುವುದು ವಾಡಿಕೆ. ಒಳ್ಳೆಯ ಶಾಸನಗಳಲ್ಲಿಯೂ ಸ್ವಲ್ಪ ಹುಡುಕಬೇಕೆಂಬುದು ನನ್ನ ಅಭಿಪ್ರಾಯ.

1961ರ ಭೂಸುಧಾರಣಾ ಶಾಸನವು, ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ ಆದ ತಿದ್ದುಪಡಿಯ ಮೂಲಕ, 1974ನೆಯ ಮಾರ್ಚಿ 1ರಿಂದ ಹೊಸ ಬಲವನ್ನು ಪಡೆಯಿತು. ಗೇಣಿಪದ್ಧತಿ ರದ್ದಾಯಿತು, ನ್ಯಾಯಮಂಡಲಿಗಳ ಮುಂದೆ ಅರ್ಜಿ ಹಾಕಿಕೊಂಡ ಲಕ್ಷಾಂತರ ಗೇಣಿದಾರರು ತಾವು ಉತ್ತ ನೆಲಕ್ಕೆ ಒಡೆಯರಾದರು. ಇದು ನಮ್ಮ ನಾಡಿನ ಚರಿತ್ರೆಯಲ್ಲಿ ದೊಡ್ಡ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಹೀಗೆ ಕೈಸೇರಿದ ನೆಲವು ಮತ್ತೆ ಹಣವಂತರ ಪಾಲಾಗಬಾರದೆಂದು ಅದೇ ತಿದ್ದುಪಡಿಯಲ್ಲಿ 79ಎ ಮತ್ತು 79ಬಿ ಎಂಬ ಪ್ರಕರಣಗಳನ್ನು ಸೇರಿಸಿದರು. ವ್ಯವಸಾಯವಲ್ಲದ ಮೂಲದಿಂದ ಗೊತ್ತಾದ ಮಿತಿಗೆ ಮೀರಿ ವರಮಾನವುಳ್ಳವನೂ, ವ್ಯವಸಾಯಗಾರನಲ್ಲದವನೂ ಕೃಷಿಭೂಮಿಯನ್ನು ಕೊಳ್ಳಕೂಡದು; ಕೊಂಡರೆ ಅದು ಸರ್ಕಾರದ ವಶವಾಗುವುದು.

ಇಂಥ ನಿಷೇಧ ಹೊಸದಲ್ಲ. 1900ರಲ್ಲಿ ಪಂಜಾಬಿನ ಶಾಸನವೊಂದು, ರೈತರ ನೆಲ ಸಾಹುಕಾರರಿಗೆ ಹೋಗದಂತೆ, ವ್ಯವಸಾಯಗಾರರೆಂದು ಗೊತ್ತುಮಾಡಿದ ಪಂಗಡಗಳ ಹೊರಗಿನವರಿಗೆ ಅದನ್ನು ಮಾರುವುದಕ್ಕೆ ತಡೆ ಹಾಕಿತು. ಸಾಲದ ಅಗತ್ಯ ಮಾತ್ರ ನಿಲ್ಲಲಿಲ್ಲ. ಹಳೆಯ ಸಾಹುಕಾರ ಹಿಂದೆ ಸರಿದಲ್ಲಿ ಹಣವುಳ್ಳ ರೈತನೇ ಸಾಹುಕಾರನಾದ. ಆ ಪ್ರಾಂತದ ಅಧಿಕಾರಿಯಾಗಿದ್ದ ಮಾಲ್ಕಂ ಡಾರ್ಲಿಂಗರು 1925ರ ತಮ್ಮ ಗ್ರಂಥದಲ್ಲಿ ಈ ಹೊಸ ಸಾಲಗಾರನ ಏಳಿಗೆಯನ್ನು ಚರ್ಚಿಸಿದ್ದಾರೆ. ಶಾಸನವು ಬಾಗಿಲನ್ನು ಮುಚ್ಚಿತೇ ಹೊರತು ಅದನ್ನು ತಟ್ಟುವವರ ಅಗತ್ಯವನ್ನು ನೀಗಲಿಲ್ಲ.

ಬೆಂಗಳೂರಿನಲ್ಲಿ ಬಾಗಿಲು ತಟ್ಟಿದವರು ಮನೆಯಿಲ್ಲದ ಸಂಬಳಗಾರರು. 1971ರಲ್ಲಿ ಸುಮಾರು 16½ ಲಕ್ಷವಿದ್ದ ನಗರದ ಜನಸಂಖ್ಯೆ 1981ಕ್ಕೆ 29 ಲಕ್ಷವಾಯಿತು. ಈ ನಡುವೆ 1976ರ ನಗರ ಭೂಮಿತಿ ಶಾಸನವೂ ಬಂದಿತು. ಬೆಂಗಳೂರಿನಲ್ಲಿ ಒಬ್ಬನಿಗೆ 1,000 ಚದರ ಮೀಟರಿಗಿಂತ ಹೆಚ್ಚು ಖಾಲಿ ನಿವೇಶನ ಇರಕೂಡದು. ಹೆಚ್ಚಿನದಕ್ಕೆ ಸರ್ಕಾರ ಕೊಡುವ ಪರಿಹಾರ ಚದರ ಮೀಟರಿಗೆ 10 ರೂಪಾಯಿಗೆ ಮೀರದು. ಇದರ ಉದ್ದೇಶವೂ ಬಡವರಿಗೆ ನಿವೇಶನ ದೊರಕಿಸುವುದೇ. ಆದರೆ ನಿವೇಶನವನ್ನು ಬಹಿರಂಗವಾಗಿ ಮಾರುವ ಮಾರ್ಗ ಇನ್ನಷ್ಟು ಇಕ್ಕಟ್ಟಾಯಿತು.

ಹೊಲವನ್ನು ಹೊಲವಾಗಿ ನಗರದವನಿಗೆ ಮಾರುವಂತಿಲ್ಲ. ನಿವೇಶನವಾಗಿ ಮಾರಬೇಕಾದರೆ ಭೂಪರಿವರ್ತನೆಯ ಅಪ್ಪಣೆ ಬೇಕು. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವರಿಗೆ ಇದೇ ಸಮಯ. ದಲ್ಲಾಳಿಯು ರೈತನಿಂದ ಕ್ರಯಪತ್ರದ ಬದಲಾಗಿ ಜನರಲ್ ಪವರ್ ಆಫ್ ಅಟಾರ್ನಿಯನ್ನು ಬರೆಸಿಕೊಂಡನು; ಹೊಲವನ್ನು ತುಂಡುಮಾಡಿ, ಸ್ಟಾಂಪು ಕಾಗದದ ಕರಾರಿನ ಮೇಲೆ ಗುಮಾಸ್ತನಿಗೂ ಕಾರ್ಖಾನೆಯ ಕೆಲಸಗಾರನಿಗೂ ಕೊಟ್ಟನು. ಇವೇ ರೆವಿನ್ಯೂ ಸೈಟುಗಳು. ಪಹಣಿಯಲ್ಲಿ ರಾಗಿಯ ಹೊಲ. ನೆಲದ ಮೇಲೆ ಮನೆ. ಗೋಪ್ಯವಾಗಿ ಮಾರುವ ರೈತನಿಗೆ ತಕ್ಕ ಬೆಲೆಯನ್ನು ಕೇಳುವ ಬಲವಿಲ್ಲ. ಕೊಂಡವನಿಗೆ ಹಕ್ಕಿಲ್ಲ, ಚರಂಡಿಯಿಲ್ಲ, ಬ್ಯಾಂಕಿನ ಸಾಲವಿಲ್ಲ. ಲಾಭ ದಲ್ಲಾಳಿಯದು. ಶಾಸನವು ಯಾರಿಬ್ಬರನ್ನು ಕಾಪಾಡಬೇಕಾಗಿತ್ತೋ ಅವರೇ ಅದರ ಬೆಲೆಯನ್ನು ತೆತ್ತರು.

ಆಮೇಲೆ ಸಕ್ರಮಗೊಳಿಸುವ ಯತ್ನಗಳು ಬಂದವು. 1991ರಲ್ಲಿ ಅದಕ್ಕಾಗಿಯೇ ಒಂದು ಶಾಸನವಾಯಿತು. ಒಮ್ಮೆ ಕ್ಷಮೆ ದೊರೆತರೆ ಮುಂದಿನವರು ಮತ್ತೊಂದು ಕ್ಷಮೆಗೆ ಕಾಯುವುದು ಸಹಜ. ಪವರ್ ಆಫ್ ಅಟಾರ್ನಿಯ ಮಾರಾಟದಿಂದ ಒಡೆತನ ಬಾರದೆಂದು 2011ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಅಷ್ಟು ಹೊತ್ತಿಗೆ ಅಂಥ ಮನೆಗಳಲ್ಲಿ ಒಂದು ತಲೆಮಾರು ಬೆಳೆದಿತ್ತು.

ಹಾಗಾದರೆ ಸುಧಾರಣೆಯೇ ತಪ್ಪೆನ್ನೋಣವೇ? ಹಾಗಲ್ಲ. ಗೇಣಿದಾರನಿಗೆ ನೆಲ ಕೊಟ್ಟ ಶಾಸನ ಸಫಲವಾದುದು, ಅದು ಉಳುವವನಿಗೆ ಬೇಕಾದುದನ್ನು ಕೊಟ್ಟದ್ದರಿಂದ. ನಿಷೇಧಿಸಿದ ಭಾಗ ವಿಫಲವಾದುದು, ಬೇಕಾದುದಕ್ಕೆ ಬೇರೆ ದಾರಿಯನ್ನು ತೋರಿಸದೆ ಇದ್ದದ್ದರಿಂದ. ನಗರದ ಅಂಚಿನಲ್ಲಿ ಅಗ್ಗದ ನಿವೇಶನಗಳನ್ನು ಸಾಕಷ್ಟು ಒದಗಿಸಿದ್ದರೆ ಅದೇ ನಿಷೇಧ ಇಷ್ಟು ಕೇಡು ಮಾಡುತ್ತಿರಲಿಲ್ಲ.

2020ರ ತಿದ್ದುಪಡಿಯು ಆ ಎರಡು ಪ್ರಕರಣಗಳನ್ನು ತೆಗೆದುಹಾಕಿತು. ಅದೂ 1974ನೆಯ ಮಾರ್ಚಿ 1ರಿಂದಲೇ ಅವು ಇರಲಿಲ್ಲವೆಂದು ಭಾವಿಸತಕ್ಕದ್ದೆಂದು. ಪುಸ್ತಕದಲ್ಲಿರುವ ಶಾಸನವನ್ನು ಹಿಂದಿನ ದಿನಾಂಕದಿಂದ ಅಳಿಸಬಹುದು. ಆ ನಲವತ್ತಾರು ವರ್ಷಗಳಲ್ಲಿ ಹೊಲದ ಬದುವಿನ ಮೇಲೆ ಎದ್ದ ಬೀದಿಯನ್ನು ಹಾಗೆ ಅಳಿಸಲಾಗದು.