ಹಳೆಯ ವಜ್ರದ ಒಡವೆ ಮಾರುವಾಗ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಂಥ ಊರುಗಳಲ್ಲಿ ಚಿನ್ನ ಮಾರುವುದು ಸುಲಭ, ವಜ್ರ ಹಾಗಲ್ಲ. ಚಿನ್ನಕ್ಕೆ ದಿನದ ದರವಿದೆ; ವಜ್ರಕ್ಕೆ ತೂಕ, ಬಣ್ಣ, ಶುದ್ಧತೆ, ಕಟಿಂಗ್ ನೋಡಿ ಬೆಲೆ ಕಟ್ಟುತ್ತಾರೆ.

ತೂಕ ಕಳೆಯುವಲ್ಲಿ ಎಚ್ಚರ ಬೇಕು. ಒಂದು ಕ್ಯಾರೆಟ್ ವಜ್ರವೆಂದರೆ 0.2 ಗ್ರಾಂ ಮಾತ್ರ. 8 ಗ್ರಾಂ ಓಲೆಯಲ್ಲಿ ಒಟ್ಟು 1 ಕ್ಯಾರೆಟ್ ಹರಳಿದ್ದರೆ ಉಳಿದ 7.8 ಗ್ರಾಂ ಚಿನ್ನವೇ. ‘ಕಲ್ಲಿನ ತೂಕ’ ಎಂದು 1 ಗ್ರಾಂ ಕಳೆದರೆ 0.8 ಗ್ರಾಂ ಚಿನ್ನ ಹೋಯಿತು. ಹರಳಿಗೂ ಬೆಲೆ ಕಟ್ಟದಿದ್ದರೆ ನಷ್ಟ ಇನ್ನೂ ದೊಡ್ಡದು. ವಜ್ರದ ಒಡವೆಯ ಚಿನ್ನ ಸಾಮಾನ್ಯವಾಗಿ 18 ಕ್ಯಾರೆಟ್ (750), ಹಾಗಾಗಿ 916ರ ದರ ನಿರೀಕ್ಷಿಸುವಂತಿಲ್ಲ. ಮಜೂರಿ, ಜಿಎಸ್‌ಟಿ ಮರಳಿ ಬಾರವು.

ಬಿಲ್ಲು, ಸರ್ಟಿಫಿಕೇಟ್ ಇದ್ದರೆ ಕೊಂಡ ಅಂಗಡಿಯಲ್ಲೇ ಮೊದಲು ಕೇಳಬೇಕು. ಅಜ್ಜಿಯ ಕಾಲದ ಏಳು ಹರಳಿನ ಓಲೆಗೆ ಕಾಗದ ಎಲ್ಲಿಂದ ಬರಬೇಕು? ಹಿಂಬದಿ ಮುಚ್ಚಿದ ಓಲೆಯಾದರೆ ಹರಳಿನ ಬಣ್ಣ, ತೂಕ ಎರಡೂ ಮೇಲ್ನೋಟಕ್ಕೆ ತಿಳಿಯವು. ಅಂಥದ್ದನ್ನು ರತ್ನ ಪರೀಕ್ಷಾ ಪ್ರಯೋಗಾಲಯಕ್ಕೆ ತೋರಿಸಿ, ಹೊಸಪೇಟೆ, ಬಳ್ಳಾರಿ ಅಥವಾ ದಾವಣಗೆರೆಯ ಎರಡು-ಮೂರು ಅಂಗಡಿಗಳಲ್ಲಿ ಚಿನ್ನಕ್ಕೆಷ್ಟು, ವಜ್ರಕ್ಕೆಷ್ಟು ಎಂದು ಬೇರೆ ಬೇರೆಯಾಗಿ ಬರೆಸಿಕೊಳ್ಳುವುದು ಲೇಸು. ಹರಳು ಬಿಚ್ಚುವುದಿದ್ದರೆ ಕಣ್ಣೆದುರೇ ಬಿಚ್ಚಿಸಬೇಕು. 2 ಲಕ್ಷ ರೂ. ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆದರೆ ದಂಡ ಬೀಳುವುದು ಪಡೆದವರಿಗೇ. ಬ್ಯಾಂಕ್ ಖಾತೆಗೆ ಹಾಕಿಸಿಕೊಳ್ಳಬೇಕು.