ತರಕಾರಿ ಬಾಡದಂತೆ ಕಾಪಾಡುವುದು ಹೇಗೆ?

ಬೆಂಗಳೂರು: ಭಾನುವಾರ ಶಿವಾಜಿನಗರದ ರಸೆಲ್ ಮಾರುಕಟ್ಟೆಯಿಂದ ಚೀಲ ತುಂಬ ತರಕಾರಿ ತರುವುದು, ಬುಧವಾರದ ಹೊತ್ತಿಗೆ ಬಾಡಿದ ಸೊಪ್ಪನ್ನು, ಕೊಳೆತ ಮೆಣಸಿನಕಾಯಿಯನ್ನು ಕಸದ ಬುಟ್ಟಿಗೆ ಹಾಕುವುದು ನಗರದ ಅನೇಕ ಮನೆಗಳ ಅನುಭವ. 1927ರಲ್ಲಿ ದಂಡು ಪ್ರದೇಶದಲ್ಲಿ ಈ ಮಾರುಕಟ್ಟೆ ತಲೆಯೆತ್ತಿದಾಗ ಮನೆಗಳಲ್ಲಿ ಫ್ರಿಜ್ ಇರಲಿಲ್ಲ. ಅಂದಿನ ಅಡುಗೆಗೆ ಅಂದೇ ಖರೀದಿ. ಇಂದು ಇಂದಿರಾನಗರದಿಂದ ಕೆ.ಆರ್. ಪುರದವರೆಗೆ ವಾರಕ್ಕೊಮ್ಮೆ ಖರೀದಿಸುವವರೇ ಹೆಚ್ಚು. ಆದರೆ ಎಲ್ಲ ತರಕಾರಿಗೂ ಫ್ರಿಜ್ ಒಗ್ಗುವುದಿಲ್ಲ.

ಹಾಳಾಗುವುದೇಕೆ?
ಕಿತ್ತ ಮೇಲೂ ತರಕಾರಿಗೆ ಜೀವವಿರುತ್ತದೆ. ಅದು ಉಸಿರಾಡುತ್ತ ತನ್ನೊಳಗಿನ ಸಕ್ಕರೆಯನ್ನು ವ್ಯಯಿಸುತ್ತದೆ, ನೀರನ್ನು ಕಳೆದುಕೊಳ್ಳುತ್ತದೆ. ಒಳಗಿನ ನೀರು ಆರಿದರೆ ಬಾಡುತ್ತದೆ. ಮೇಲೆ ನೀರು ನಿಂತರೆ ಕೊಳೆಯುತ್ತದೆ. ಇವೆರಡನ್ನೂ ತಡೆಯುವುದೇ ಸಂರಕ್ಷಣೆಯ ಗುಟ್ಟು.

ಸೊಪ್ಪು
ವ್ಯಾಪಾರಿಗಳು ಸೊಪ್ಪಿಗೆ ನೀರು ಚಿಮುಕಿಸಿರುತ್ತಾರೆ. ಕಟ್ಟು ಬಿಚ್ಚಿ, ಕೊಳೆತ ಎಲೆ ತೆಗೆದು, ನೆರಳಿನಲ್ಲಿ ಹರಡಿ ನೀರು ಆರಿದ ಬಳಿಕ ಹತ್ತಿ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನ ತಳದ ಡಬ್ಬದಲ್ಲಿಡಬೇಕು. ತೊಳೆಯುವುದು ಅಡುಗೆಯ ವೇಳೆಗಿರಲಿ. ಹಳೆಯ ಪತ್ರಿಕೆಯಲ್ಲಿ ಸುತ್ತುವುದು ಬೇಡ. ಮುದ್ರಣದ ಶಾಯಿ ಆಹಾರಕ್ಕೆ ಸೇರುವ ಅಪಾಯದ ಬಗ್ಗೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2016ರಲ್ಲೇ ಎಚ್ಚರಿಸಿದೆ. ಬೇರುಸಹಿತ ಕೊತ್ತಂಬರಿಯನ್ನು ನೀರಿರುವ ಲೋಟದಲ್ಲಿ ನಿಲ್ಲಿಸಬಹುದು.

ಫ್ರಿಜ್‌ನಲ್ಲಿಡುವಂಥವು
ಹುರುಳಿಕಾಯಿ, ಕೋಸು, ಹೂಕೋಸು, ಕ್ಯಾರೆಟ್, ಮೂಲಂಗಿ. ಗೆಡ್ಡೆಯ ನೀರನ್ನು ಎಲೆಗಳು ಹೀರುವುದರಿಂದ ಕೊನೆಯ ಎರಡರ ಎಲೆಗಳನ್ನು ತಂದ ಕೂಡಲೇ ಕತ್ತರಿಸಬೇಕು. ಹಸಿಮೆಣಸಿನಕಾಯಿಯನ್ನು ತೊಟ್ಟು ತೆಗೆದು, ಒಣಬಟ್ಟೆ ಹಾಸಿದ ಡಬ್ಬದಲ್ಲಿಡಿ.

ಹೊರಗಿಡುವಂಥವು
ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿ, ಇಡೀ ಕುಂಬಳಕಾಯಿಗೆ ಗಾಳಿಯಾಡುವ ಜಾಗ ಸಾಕು. ಈರುಳ್ಳಿ, ಆಲೂಗಡ್ಡೆ ಒಂದೇ ಬುಟ್ಟಿಯಲ್ಲಿರಬಾರದು. ಬೆಳಕು ಬಿದ್ದರೆ ಆಲೂಗಡ್ಡೆ ಹಸಿರಾಗಿ ವಿಷಕಾರಿ ಅಂಶ ಹೆಚ್ಚುತ್ತದೆ.

ಬದನೆ, ಬೆಂಡೆ, ಸೌತೆ, ಟೊಮೆಟೊ ಬೆಚ್ಚನೆಯ ಹವೆಯ ಬೆಳೆಗಳು. 10 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣಾಂಶದಲ್ಲಿ ಹಲವು ದಿನ ಇಟ್ಟರೆ ಬದನೆಯ ಬೀಜ ಕಂದುತ್ತದೆ, ಸೌತೆ ಲೋಳೆಯಾಗುತ್ತದೆ, ಟೊಮೆಟೊ ರುಚಿಗೆಡುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ, ಬೇಸಿಗೆ ಬಿಟ್ಟರೆ, ಇವು ಎರಡು ಮೂರು ದಿನ ಹೊರಗೇ ಚೆನ್ನಾಗಿರುತ್ತವೆ. ಮಾಗಿದ ಬಾಳೆ, ಮಾವು ಹೊರಸೂಸುವ ಎಥಿಲೀನ್ ಅನಿಲದಿಂದ ಸೊಪ್ಪು ಬೇಗ ಹಳದಿಯಾಗುತ್ತದೆ, ಅವು ದೂರವಿರಲಿ.

ಫ್ರಿಜ್ ಇಲ್ಲದಿದ್ದರೆ?
ಹಲಸೂರಿನ ಗಲ್ಲಿಗಳ ಒಂದು ಕೋಣೆಯ ಮನೆಗೂ ಉಪಾಯವಿದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1980ರ ದಶಕದಲ್ಲಿ ಎರಡು ಇಟ್ಟಿಗೆ ಗೋಡೆಗಳ ನಡುವೆ ಒದ್ದೆ ಮರಳು ತುಂಬಿ, ವಿದ್ಯುತ್ ಬೇಡದ ಶೀತಲ ಕೋಣೆ ರೂಪಿಸಿದರು. ದೊಡ್ಡ ಮಣ್ಣಿನ ಕುಂಡದೊಳಗೆ ಚಿಕ್ಕ ಮಡಕೆಯಿಟ್ಟು, ನಡುವೆ ಒದ್ದೆ ಮರಳು ತುಂಬಿ, ಒದ್ದೆ ಗೋಣಿ ಮುಚ್ಚಿದರೂ ಅದೇ ತತ್ವ. ನೀರು ಆವಿಯಾಗುವಾಗ ಒಳಗೆ ತಂಪಾಗುತ್ತದೆ. ಒಣ ಬೇಸಿಗೆಯಲ್ಲಿ ಇದರ ಫಲ ಹೆಚ್ಚು, ಮಳೆಗಾಲದಲ್ಲಿ ಕಡಿಮೆ.

ಇಷ್ಟಾದರೂ ಸೊಪ್ಪನ್ನು ವಾರಕ್ಕೆ ಎರಡು ಬಾರಿ, ಬೇಕಾದಷ್ಟೇ ತರುವುದು ಲೇಸು. ಅದಕ್ಕೆ ಮನೆಯ ಬಳಿಯ ಹಾಪ್‌ಕಾಮ್ಸ್ ಮಳಿಗೆಯೋ ತಳ್ಳುಗಾಡಿಯೋ ಸಾಕು.