ಹೊಸರಿತ್ತಿಯ ಲೆಕ್ಕ ಮತ್ತು ಮೂವರು ತತ್ವಜ್ಞಾನಿಗಳು

‘ಟ್ರಾಲಿ ಸಮಸ್ಯೆ’ ಅಂತ ಒಂದಿದೆ, ನೀವೂ ಕೇಳಿರ್ತೀರಿ. ಬ್ರೇಕು ತಪ್ಪಿದ ಗಾಡಿಯೊಂದು ಹಳಿ ಮೇಲೆ ಬರ್ತಿದೆ. ಮುಂದೆ ಐದು ಜನ ಇದ್ದಾರೆ, ಪಕ್ಕದ ಹಳಿಯಲ್ಲಿ ಒಬ್ಬನೇ. ಗಾಡಿ ತಿರುಗಿಸಬೇಕೋ ಬೇಡವೋ? ಫಿಲಿಪ್ಪಾ ಫುಟ್ ಎಂಬ ತತ್ವಶಾಸ್ತ್ರಜ್ಞೆ 1967ರಲ್ಲಿ ಹುಟ್ಟುಹಾಕಿದ ಒಗಟು ಇದು. ತಾನೇ ಓಡುವ ಕಾರುಗಳ ಮಾತು ಶುರುವಾದ ಮೇಲಂತೂ ನಮ್ಮ ಸಾಫ್ಟ್‌ವೇರ್ ಮಂದಿಗೆ ಕಾಫಿ ಹೊತ್ತಿನ ಹರಟೆ. ನನಗೆ ಇದು ಅಷ್ಟಾಗಿ ರುಚಿಸಲ್ಲ. ಹಳಿ ಮೇಲಿರೋ ಆರು ಜನಕ್ಕೂ ಹೆಸರಿಲ್ಲ, ಊರಿಲ್ಲ, ನಿನ್ನೆ ಅನ್ನೋದೇ ಇಲ್ಲ.

ಹೆಸರು, ಊರು ಎರಡೂ ಇರುವ ಒಗಟೊಂದು ನಮ್ಮ ಕಡೆಯೇ ಇದೆ. ನಾನು ರಾಣೆಬೆನ್ನೂರಿನವನು. ರೈಲಿನಲ್ಲಿ ಹುಬ್ಬಳ್ಳಿ ದಿಕ್ಕಿಗೆ ಹೊರಟರೆ ಬ್ಯಾಡಗಿ, ಆಮೇಲೆ ಹಾವೇರಿ. ಹಾವೇರಿ ನಿಲ್ದಾಣಕ್ಕೆ ಈಗ ಮೈಲಾರ ಮಹದೇವಪ್ಪನವರ ಹೆಸರಿದೆ. 2018ರಲ್ಲಿ ಅವರ ಅಂಚೆ ಚೀಟಿಯೂ ಬಂತು. ಹುಟ್ಟಿದ್ದು 1911ರಲ್ಲಿ, ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ. ಮೆಣಸಿನಕಾಯಿ ಪೇಟೆಗೆ ಹೋಗುವವರು ಹೆದ್ದಾರಿ ಬಿಟ್ಟು ತಿರುಗೋದು ಇದೇ ಊರಲ್ಲಿ. 1930ರ ಮಾರ್ಚ್ 12ರಂದು ಸಬರಮತಿಯಿಂದ ದಂಡಿಗೆ ಗಾಂಧೀಜಿ ಹಿಂದೆ ಹೊರಟ 78 ಜನರಲ್ಲಿ ಈತ ಒಬ್ಬನೇ ಕನ್ನಡಿಗ. ವಯಸ್ಸು 18. ಮುಂದೆ ಜೈಲು, ಖಾದಿ, ಕೊರಡೂರಿನಲ್ಲಿ ಸೇವಾಶ್ರಮ. ಹೆಂಡತಿ ಸಿದ್ದಮ್ಮನೂ ಸಬರಮತಿ ಆಶ್ರಮದಲ್ಲಿದ್ದು, ಚಳವಳಿಗಿಳಿದು, ಜೈಲು ಕಂಡವರು.

ಅಹಿಂಸೆಯನ್ನು ಪುಸ್ತಕದಿಂದಲ್ಲ, ಗುರುವಿನ ಬಳಿಯೇ ಕಲಿತ ಇದೇ ಮನುಷ್ಯ 1943ರ ಏಪ್ರಿಲ್ 1ರಂದು ಸಂಗಡಿಗರ ಜೊತೆ ವರದಾ ತೀರದ ಹೊಸರಿತ್ತಿಗೆ ನುಗ್ಗಿದ. ರೈತರಿಂದ ವಸೂಲಿಯಾದ ಕಂದಾಯದ ಹಣವನ್ನು ಅಲ್ಲಿನ ವೀರಭದ್ರ ದೇವಸ್ಥಾನದಲ್ಲಿ ಪೊಲೀಸ್ ಕಾವಲಿನಲ್ಲಿ ಇಟ್ಟಿದ್ದರು. ಅದನ್ನು ವಶಪಡಿಸಿಕೊಳ್ಳುವುದು ಉದ್ದೇಶ. ಗುಂಡು ಹಾರಿತು. ಮಹದೇವ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ, ಮೂವರೂ ಹೋದರು. ಮಹದೇವನಿಗೆ ಇನ್ನೂ 32 ತುಂಬಿರಲಿಲ್ಲ.

ಮಾಡಿದ್ದು ಸರಿಯೇ?

‘ಹುತಾತ್ಮರನ್ನ ಹೀಗೆ ಕೇಳ್ತಾರೇನೋ ತಮ್ಮಾ’ ಅನ್ನಬೇಡಿ. ಕೇಳದೇ ಇರೋದೇ ಅವರಿಗೆ ಮಾಡುವ ಅವಮಾನ ಅಂತ ನನ್ನ ಅನಿಸಿಕೆ.

ಮೊದಲು ಪ್ರಯೋಜನವಾದಿಗಳು. ಫಲ ನೋಡು, ಹೆಚ್ಚು ಜನಕ್ಕೆ ಹೆಚ್ಚು ಒಳಿತಾದರೆ ಸರಿ ಅನ್ನೋರು. ಇವರಲ್ಲಿ ದೊಡ್ಡ ಹೆಸರು ಜಾನ್ ಸ್ಟುವರ್ಟ್ ಮಿಲ್. (ಈ ಮಹಾಶಯ 1823ರಿಂದ 1858ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಸಂಬಳಕ್ಕಿದ್ದ. 1859ರಲ್ಲಿ ಸ್ವಾತಂತ್ರ್ಯದ ಬಗ್ಗೆ ಅಷ್ಟು ಚೆಂದದ ಪುಸ್ತಕ ಬರೆದು, ‘ಹಿಂದುಳಿದ’ ಸಮಾಜಗಳಿಗೆ ಇದು ಅನ್ವಯಿಸಲ್ಲ ಅಂತಲೂ ಅದರಲ್ಲೇ ಸೇರಿಸಿದ. ನಾವು ಆ ಪಟ್ಟಿಯಲ್ಲಿದ್ವಿ ಅಂತ ಬೇರೆ ಹೇಳಬೇಕಿಲ್ಲ!) ಲೆಕ್ಕ ಹಾಕಲು ಕೂತರೆ ಮೂರು ಜೀವ ಖರ್ಚು, ಜಮೆ ಏನು? ನಾಲ್ಕು ವರ್ಷದ ಮೇಲೆ ಬಂದ ಸ್ವಾತಂತ್ರ್ಯದಲ್ಲಿ ಹೊಸರಿತ್ತಿಯ ಪಾಲು ಎಷ್ಟಾಣೆ? ಈ ಖಾತೆ ಎಂದೂ ಮುಗಿಯಲ್ಲ. ಮೇಲಾಗಿ ಆ ರಾತ್ರಿಗಳಲ್ಲಿ ನಿರ್ಧಾರ ಮಾಡುವವನ ಕೈಯಲ್ಲಿ ಈ ಖಾತೆ ಪುಸ್ತಕ ಇರಲೇ ಇಲ್ಲ, ನಮ್ಮ ಕೈಯಲ್ಲಿದೆ.

ಇನ್ನು ಕಾಂಟ್. ನಿಯಮ ಅಂದ್ರೆ ನಿಯಮ, ಎಲ್ಲರೂ ಪಾಲಿಸಬಹುದಾದದ್ದನ್ನೇ ನೀನೂ ಮಾಡು ಅನ್ನೋನು. ನಮ್ಮ ಹರಿಶ್ಚಂದ್ರನ ಜರ್ಮನ್ ಸೋದರ. ಕೊಲೆಗಾರ ಬಂದು ‘ಅವನು ಒಳಗಿದ್ದಾನಾ?’ ಅಂದ್ರೂ ಸುಳ್ಳು ಹೇಳಕೂಡದು ಅಂತ 1797ರಲ್ಲಿ ಬರೆದ. ಭೂಗತರಿಗೆ ರೊಟ್ಟಿ ಕೊಟ್ಟ ನಮ್ಮ ಕಡೆಯ ಅಜ್ಜಿಯರು ಬಾಗಿಲಿಗೆ ಬಂದ ಪೊಲೀಸರಿಗೆ “ನಾವ್ ಯಾರನ್ನೂ ನೋಡಿಲ್ರೀ ಯಪ್ಪಾ” ಅಂದಿರಬೇಕು. ಕಾಂಟ್ ಕೇಳಿದ್ರೆ ಮೂರ್ಛೆ ಹೋಗ್ತಿದ್ದ :) ಅದೇ ವರ್ಷದ ಇನ್ನೊಂದು ಕೃತಿಯಲ್ಲಿ, ದೊರೆ ಅನ್ಯಾಯಗಾರನಾದರೂ ಪ್ರಜೆಗೆ ದಂಗೆಯ ಹಕ್ಕಿಲ್ಲ ಅಂತಾನೆ. ಅಲ್ಲಿಗೆ ಹೊಸರಿತ್ತಿಯಷ್ಟೇ ಅಲ್ಲ, ದಂಡಿಯೂ ಕಷ್ಟವೇ.

ಆದರೆ ಮಹದೇವನ ಇಕ್ಕಟ್ಟು ಈ ಇಬ್ಬರಿಗಿಂತ ಹತ್ತಿರದ್ದು. ಸಾಧನ ಅನ್ನೋದು ಬೀಜ, ಗುರಿ ಅದರಿಂದ ಹುಟ್ಟುವ ಮರ ಅಂತ ಗಾಂಧಿ 1909ರಲ್ಲೇ ‘ಹಿಂದ್ ಸ್ವರಾಜ್’ನಲ್ಲಿ ಬರೆದಿದ್ದರು. 1942ರ ಆಗಸ್ಟ್ 8ರಂದು ‘ಮಾಡು ಇಲ್ಲವೇ ಮಡಿ’ ಅಂದವರೂ ಅವರೇ. ಮರುದಿನ ಬೆಳಗಾಗುವುದರೊಳಗೆ ಬಂಧನ. ಎರಡೂ ಗುರುವಿನ ಮಾತೇ. ಎರಡನ್ನೂ ಹೇಗೆ ಕೂಡಿಸೋದು ಅಂತ ಕೇಳೋಣ ಅಂದ್ರೆ ಗುರು ಪುಣೆಯ ಆಗಾ ಖಾನ್ ಅರಮನೆಯಲ್ಲಿ ಬಂದಿ. ಅದೇ ತಿಂಗಳು ‘ಹರಿಜನ’ ಪತ್ರಿಕೆಯಲ್ಲಿ ಕಿಶೋರಲಾಲ್ ಮಶ್ರೂವಾಲಾ, ಪ್ರಾಣಕ್ಕೆ ಅಪಾಯ ಆಗದಂತೆ ಎಚ್ಚರ ವಹಿಸಿದರೆ ತಂತಿ ಕತ್ತರಿಸೋದು, ಹಳಿ ಕೀಳೋದು ಅಹಿಂಸೆಯೊಳಗೇ ಬರುತ್ತೆ ಎಂಬರ್ಥದಲ್ಲಿ ಬರೆದರು. ಗಾಂಧಿ 1944ರ ಮೇನಲ್ಲಿ ಹೊರಬಂದು, ಆಸ್ತಿಪಾಸ್ತಿ ನಾಶ ಮಾಡೋದೂ ಹಿಂಸೆಯೇ, ಭೂಗತರು ಹೊರಗೆ ಬನ್ನಿ ಅಂದರು. ಉತ್ತರ ಬರುವಾಗ ಹೊಸರಿತ್ತಿಯ ಪ್ರಶ್ನೆಗೆ ವರ್ಷ ಕಳೆದಿತ್ತು.

ಪಕ್ಕದಲ್ಲೇ ಇನ್ನೊಂದು ಉದಾಹರಣೆ ಇಟ್ಟುಕೊಳ್ಳಿ. ಶಿಕಾರಿಪುರ ತಾಲ್ಲೂಕಿನ ಈಸೂರು ನಮ್ಮ ಜಿಲ್ಲೆಯ ಗಡಿಯಿಂದ ದೂರವೇನಲ್ಲ. 1942ರ ಸೆಪ್ಟೆಂಬರಿನಲ್ಲಿ ಅಲ್ಲಿ ಅಮಲ್ದಾರ ಮತ್ತು ಪೊಲೀಸ್ ಅಧಿಕಾರಿ ಸತ್ತರು. 1943ರ ಮಾರ್ಚ್‌ನಲ್ಲಿ, ಅಂದರೆ ಹೊಸರಿತ್ತಿಗೆ ಕೆಲವೇ ವಾರ ಮೊದಲು, ಐವರಿಗೆ ಗಲ್ಲಾಯಿತು. ಗಾಂಧಿಯ 21 ದಿನದ ಉಪವಾಸ ಮುಗಿದದ್ದೂ ಅದೇ ಮಾರ್ಚ್‌ನಲ್ಲಿ. ಆ ವಾರಗಳ ಬಿಸಿ ಎಂಥದ್ದಿರಬೇಕು, ಯೋಚಿಸಿ.

ಅರಿಸ್ಟಾಟಲ್ ಬೇರೆ ಥರ ಕೇಳ್ತಾನೆ: ಕೆಲಸ ಬಿಡು, ಮನುಷ್ಯ ಎಂಥವನು? ಅವನಿಗೆ ಧೈರ್ಯ ಅನ್ನೋದು ಹೇಡಿತನಕ್ಕೂ ದುಡುಕಿಗೂ ನಡುವೆ ಇರೋದು. ಹದಿಮೂರು ವರ್ಷದ ಬದುಕನ್ನೆಲ್ಲ ನೋಡಿದರೆ ದುಡುಕಿನವನು ಅನ್ನಲು ನನಗೆ ನಾಲಿಗೆ ಬರಲ್ಲ. ನನ್ನ ಮಟ್ಟಿಗೆ ಈ ಮೂವರಲ್ಲಿ ಹೆಚ್ಚು ಉಪಯೋಗಕ್ಕೆ ಬಂದವನು ಇವನೇ. ಆದರೆ ಅವನೂ ಕಾವಲಿಗಿದ್ದ ಪೊಲೀಸನ ಬಗ್ಗೆ ಏನೂ ಹೇಳಲ್ಲ. ಅವನೂ ಸಂಬಳಕ್ಕೆ ನಿಂತವನು.

ಹಾಗಾಗಿ ‘ಅಹಿಂಸಾ ಮೂರ್ತಿ’ ಅಂತ ವೇದಿಕೆ ಮೇಲಿಂದ ಹೇಳಿ ಮುಗಿಸೋದು ನನಗೆ ಒಪ್ಪಿಗೆಯಿಲ್ಲ. ಮಹದೇವ ಆ ದಿನ ತಾನು ಕಲಿತ ನಿಯಮದ ಗೆರೆ ದಾಟಿದ, ಅದರ ಬೆಲೆಗೆ ತನ್ನ ಮೈಯನ್ನೇ ಮುಂದೊಡ್ಡಿದ. ಗೌರವಿಸಲು ಇಷ್ಟು ಸಾಕಲ್ಲ? ಸರಿ ಅಂತ ಸಹಿ ಹಾಕು ಅಂದರೆ ಮಾತ್ರ ನನ್ನ ಪೆನ್ನು ನಿಲ್ಲುತ್ತೆ.

ಇಷ್ಟೆಲ್ಲ ಲೆಕ್ಕದಲ್ಲಿ ಸಿದ್ದಮ್ಮ ಯಾವ ಕಾಲಮ್ಮಿಗೂ ಬರಲಿಲ್ಲ ನೋಡಿ. ಗಂಡ ಹೋದ ಮೇಲೂ ಬದುಕಿದ್ದವರು ಆಕೆ. ಹಾವೇರಿ, ಬ್ಯಾಡಗಿ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಮನೆಯ ಹಿರಿಯರಲ್ಲಿ ಆಕೆಯನ್ನು ಕಂಡವರಿದ್ದರೆ, ದಯವಿಟ್ಟು ಕೇಳಿ ಬರೆಯಿರಿ.